ಇಳಿಜಾರಿನಲ್ಲಿ ಲಾರಿಯನ್ನು ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಯೇ?

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಲಾರಿಗಳು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಇಳಿಯಬೇಕು. ಇಂಥ ಇಳಿಜಾರಿನಲ್ಲಿ ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಇದು ತಪ್ಪು.

ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಡೀಸೆಲ್ ಉರಿಯುತ್ತಲೇ ಇರಬೇಕು. ಗೇರ್‌ನಲ್ಲೇ ಇದ್ದು ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಇಂದಿನ ಎಲೆಕ್ಟ್ರಾನಿಕ್ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ನಿಲ್ಲಿಸುತ್ತವೆ. ಜೊತೆಗೆ ಎಂಜಿನ್ ವೇಗವನ್ನೂ ತಡೆಯುತ್ತದೆ.

ನ್ಯೂಟ್ರಲ್‌ನಲ್ಲಿ ಆ ತಡೆ ಇಲ್ಲ. ಕೆಲಸವೆಲ್ಲ ಬ್ರೇಕಿನ ಮೇಲೆ ಬಿದ್ದು, ಅದು ವಿಪರೀತ ಕಾದು ಹಿಡಿತ ಕಳೆದುಕೊಳ್ಳಬಹುದು. ಎಂಜಿನ್ ಆಫ್ ಮಾಡಿದರಂತೂ ಏರ್‌ಬ್ರೇಕಿಗೆ ಗಾಳಿ ಒದಗಿಸುವ ಕಂಪ್ರೆಸರ್ ಕೂಡ ನಿಲ್ಲುತ್ತದೆ.

ನಿಜವಾದ ಉಳಿತಾಯ ಬೇಕೆ? ಟೈರಿನ ಗಾಳಿ ಸರಿಯಾಗಿಡಿ, ಬಯಲು ರಸ್ತೆಯಲ್ಲಿ ಹದವಾದ ವೇಗದಲ್ಲಿ ಸಾಗಿ. ಘಾಟಿ ಇಳಿಯುವ ಮುನ್ನವೇ ಕೆಳಗಿನ ಗೇರ್‌ಗೆ ಬನ್ನಿ.