ಡಾಕ್ಟರ ಅಡುಗೆಮನೆ: ಹಸಿರು ಕರಿಯ ಒಳಗುಟ್ಟು

ಥಾಯ್ ಹಸಿರು ಕರಿ ನಮ್ಮ ಮನೆಯಲ್ಲಿ ಹತ್ತು ವರ್ಷ 'ಶುದ್ಧ ಸಸ್ಯಾಹಾರ'ವಾಗಿತ್ತು. ಬಾಟಲಿ ಪೇಸ್ಟು, ಡಬ್ಬಿಯ ತೆಂಗಿನ ಹಾಲು, ಬದನೆಕಾಯಿ, ಅಷ್ಟೆ. ಒಂದು ಸಂಜೆ ಊಟಕ್ಕೆ ಬಂದ ಗೆಳೆಯರ ಮಗನಿಗೆ ಎರಡೇ ತುತ್ತಿಗೆ ತುಟಿ ಊದಿತು, ಮೈಯೆಲ್ಲ ದದ್ದು, ಉಸಿರಿನಲ್ಲಿ ಸಿಳ್ಳೆ. ಅವನಿಗೆ ಸೀಗಡಿ ಅಲರ್ಜಿ. ತಾಯಿ ಮೊದಲೇ ಕೇಳಿದ್ದರು. "ನಮ್ಮದು ಬರೀ ತರಕಾರಿ ಕಣಮ್ಮ" ಎಂದಿದ್ದೆ ನಾನು! ಅವರ ಚೀಲದಲ್ಲಿದ್ದ ಎಪಿನೆಫ್ರಿನ್ ಪೆನ್ನನ್ನು ತೊಡೆಗೆ ಚುಚ್ಚಿ ಆಂಬುಲೆನ್ಸ್ ಕರೆದೆವು. ಹುಡುಗ ಬಚಾವಾದ.

ಆಮೇಲೆ ಕನ್ನಡಕ ಹಾಕಿಕೊಂಡು ಬಾಟಲಿ ಓದಿದೆ. ಸೀಗಡಿ ಪೇಸ್ಟು! ಲೇಬಲ್ ಸುಳ್ಳು ಹೇಳಿರಲಿಲ್ಲ. ರೋಗಿಗಳಿಗೆಲ್ಲ 'ಲೇಬಲ್ ಓದಿ' ಎನ್ನುವ ಡಾಕ್ಟರೇ ಓದಿರಲಿಲ್ಲ.

ಈಗ ಪೇಸ್ಟು ಮನೆಯಲ್ಲೇ. ಕೊತ್ತಂಬರಿ ಬೀಜ, ಜೀರಿಗೆ ಹುರಿದು ಬಿಳಿ ಮೆಣಸಿನೊಡನೆ ಪುಡಿ ಮಾಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಮಜ್ಜಿಗೆಹುಲ್ಲಿನ ಬುಡ, ಗಲಾಂಗಲ್ (ನಮ್ಮ ದುಂಪರಾಸ್ಮೆ), ಮಕ್ರೂಟ್ ನಿಂಬೆಯ ಸಿಪ್ಪೆ ಸೇರಿಸಿ ಕುಟ್ಟಿ. ಕೊತ್ತಂಬರಿ ಸೊಪ್ಪಿನ ಬೇರೂ ಬೇಕು. ನಾವು ಕತ್ತರಿಸಿ ಎಸೆಯುವುದೇ ಅದನ್ನು. ಒರಳಿನ ಪರಿಮಳ ಮಿಕ್ಸಿಗೆ ಬರುವುದಿಲ್ಲ, ತೋಳು ನೋಯುತ್ತದೆ ನಿಜ. ಸೀಗಡಿಯ ಬದಲು ಹುದುಗಿಸಿದ ಸೋಯಾ ಪೇಸ್ಟು ಒಂದು ಚಮಚ. ಉತ್ತರ ಥಾಯ್ಲೆಂಡಿನವರ 'ತುವಾ ನಾವ್' ಕೂಡ ಹುದುಗಿಸಿದ ಸೋಯಾ ಕಾಳಿನದೇ. ಸೋಯಾ ಅಲರ್ಜಿಯವರೂ ಇದ್ದಾರೆ, ಕೇಳಿಯೇ ಹಾಕಿ. ಗಟ್ಟಿ ತೆಂಗಿನ ಹಾಲು ಕಾದು ಎಣ್ಣೆ ಬಿಟ್ಟ ಮೇಲೆ ಪೇಸ್ಟು ಹುರಿಯಿರಿ.

ಮೊನ್ನೆ ಆ ಕುಟುಂಬ ಮತ್ತೆ ಊಟಕ್ಕೆ ಬಂದಿತ್ತು. ತಾಯಿ ಅಡುಗೆಮನೆಗೇ ಬಂದು ಒಂದೊಂದು ಡಬ್ಬಿಯನ್ನೂ ತಿರುಗಿಸಿ ಓದಿದರು. ಹುಡುಗ ಎರಡು ಸಲ ಬಡಿಸಿಕೊಂಡ.