ಕೊನೆಯ ಬೆಂಚಿಗೂ ಬಡಿಸಬೇಕು

ಮಗುವನ್ನು ಶಾಲೆಗೆ ಸೇರಿಸಲು ಹೋಗುವ ತಂದೆತಾಯಿಗಳು ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಶುಲ್ಕವೆಷ್ಟು, ಬಸ್ಸು ಮನೆಯ ಬಳಿ ನಿಲ್ಲುವುದೋ ಇಲ್ಲವೋ, ಆಟದ ಬಯಲು ಇದೆಯೇ ಎಂದು ಎಲ್ಲವನ್ನೂ ವಿಚಾರಿಸುತ್ತಾರೆ. ಆದರೆ ತರಗತಿಯ ಕೋಣೆಯೊಳಗೆ ಒಮ್ಮೆ ಇಣುಕಿ, ಬೆಂಚುಗಳನ್ನು ಹೇಗೆ ಹಾಕಿದ್ದಾರೆ, ಉಪಾಧ್ಯಾಯರು ಎಲ್ಲಿ ನಿಂತು ಪಾಠ ಹೇಳುತ್ತಾರೆ, ಕೊನೆಯ ಸಾಲಿನಿಂದ ಕರಿಹಲಗೆ ಕಾಣುತ್ತದೆಯೇ ಎಂದು ನೋಡಿಬರುವವರು ವಿರಳ. ಕೆಲವು ಜಾಣರು ಮಾತ್ರ ಶಾಲೆ ತೆರೆದ ವಾರದಲ್ಲಿಯೇ ಹೋಗಿ, "ನಮ್ಮ ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮೇಷ್ಟ್ರೇ" ಎಂದು ಕೇಳಿಕೊಂಡು ಬರುತ್ತಾರೆ. ಸರಿ, ಎಲ್ಲರ ಮಕ್ಕಳೂ ಮುಂದಿನ ಬೆಂಚಿಗೆ ಬಂದರೆ ಹಿಂದಿನ ಬೆಂಚಿನಲ್ಲಿ ಕೂರುವುದು ಯಾರ ಮಗು?

ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆ ನಮ್ಮಲ್ಲಿದೆ. ಮದುವೆಯ ಮನೆಯಲ್ಲಿ ಈ ಮಾತು ನಿಜವಿರಬಹುದು. ತರಗತಿಯಲ್ಲಿ ಬಡಿಸುವವರು ಎಷ್ಟೇ ನಮ್ಮವರಾದರೂ ಪಂಕ್ತಿಯ ಕೊನೆಯವರೆಗೆ ನಡೆದು ಬರದಿದ್ದರೆ ಎಲೆ ಬರಿದಾಗಿಯೇ ಉಳಿಯುತ್ತದೆ. ಆಡಮ್ಸ್ ಮತ್ತು ಬಿಡ್ಲ್ ಎಂಬ ವಿದ್ವಾಂಸರು ತರಗತಿಗಳನ್ನು ಪರಿಶೀಲಿಸಿ 1970ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಗತಿ ಸ್ಪಷ್ಟವಾಗಿದೆ. ಉಪಾಧ್ಯಾಯರ ಪ್ರಶ್ನೆಗಳೂ ಮಕ್ಕಳ ಉತ್ತರಗಳೂ ಬಹುಮಟ್ಟಿಗೆ ಮುಂದಿನ ಸಾಲು ಮತ್ತು ಕೋಣೆಯ ನಟ್ಟನಡುವಿನ ಸಾಲುಗಳಲ್ಲಿಯೇ ಓಡಾಡುತ್ತಿದ್ದವು. ಇದು ಪಕ್ಷಪಾತವೇ ಆಗಬೇಕೆಂದಿಲ್ಲ. ಕಣ್ಣು ಹೋದ ಕಡೆ ಮಾತು ಹೋಗುತ್ತದೆ. ವರ್ಷವಿಡೀ ತನ್ನ ಕಡೆಗೆ ಒಂದು ಪ್ರಶ್ನೆಯೂ ಬರದ ಮಗು ಮಾತ್ರ, 'ಇದು ನನಗಲ್ಲ' ಎಂದು ತನ್ನೊಳಗೇ ತೀರ್ಮಾನಿಸಿಬಿಡುತ್ತದೆ. ದಡ್ಡರು ಹಿಂದೆ ಕೂರುತ್ತಾರೆಂದು ನಾವು ಸುಲಭವಾಗಿ ಹೇಳುತ್ತೇವೆ. ಹಿಂದೆ ಕೂರಿಸಿದ್ದರಿಂದ ದಡ್ಡರಾದವರನ್ನು ಲೆಕ್ಕ ಹಾಕಿದವರಿಲ್ಲ.

ಕುಳಿತುಕೊಳ್ಳುವ ಜಾಗವೆಂಬುದು ನಮ್ಮ ದೇಶದಲ್ಲಿ ಎಂದೂ ಬರಿಯ ಜಾಗವಾಗಿರಲಿಲ್ಲ. ಡಾ. ಅಂಬೇಡ್ಕರರು ಬಾಲ್ಯದಲ್ಲಿ ಸಹಪಾಠಿಗಳ ನಡುವೆ ಕೂರುವಂತಿರಲಿಲ್ಲ. ತರಗತಿಯ ಮೂಲೆಯಲ್ಲಿ, ಒಂದು ಗೋಣಿತಟ್ಟಿನ ಮೇಲೆ ಒಬ್ಬರೇ ಕೂರಬೇಕಾಗಿತ್ತು. ಶಾಲೆಯ ಜವಾನನು ಅದನ್ನು ಮುಟ್ಟನಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು, ಬೆಳಗ್ಗೆ ಮತ್ತೆ ತರಬೇಕಾಗಿತ್ತು. ಅವರೇ ಬರೆದಿಟ್ಟಿರುವ ಈ ಸಂಗತಿಯನ್ನು ಓದಿದ ಮೇಲೆ, ಯಾರನ್ನು ಎಲ್ಲಿ ಕೂರಿಸಬೇಕೆಂಬುದು ಅಲ್ಪ ವಿಷಯವೆಂದು ಯಾರೂ ಹೇಳಲಾರರು. ಪಠ್ಯಪುಸ್ತಕ ತೆರೆಯುವ ಮೊದಲೇ ಮಗು ಕಲಿಯುವ ಪಾಠ ಅದು.

ಈ ಪಾಠವನ್ನು ಬದಲಿಸಲು ಹೊರಟವರೂ ಇದ್ದಾರೆ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಮಕ್ಕಳನ್ನು ಮರದ ನೆರಳಿಗೆ ಕರೆತಂದರು. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆಯನ್ನು ಆರಂಭಿಸಿದ ಮಾರಿಯಾ ಮಾಂಟೆಸ್ಸೊರಿಯವರು, ಅಲುಗಾಡದ ಡೆಸ್ಕುಗಳನ್ನು ಬಿಟ್ಟು, ಮಗು ತಾನೇ ಎತ್ತಿ ಒಯ್ಯಬಲ್ಲ ಪುಟ್ಟ ಕುರ್ಚಿ ಮೇಜುಗಳನ್ನು ಮಾಡಿಸಿದರು. ಆಕೆ 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು ನಮ್ಮ ದೇಶದ ಅನೇಕ ಉಪಾಧ್ಯಾಯರಿಗೆ ಶಿಕ್ಷಣ ನೀಡಿದರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಒಂದು ಪ್ರಯೋಗ ನಡೆಯಿತು. ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರಕಾರಿ ಶಾಲೆಯ ಉಪಾಧ್ಯಾಯರು ಯುನಿಸೆಫ್ ನೆರವಿನಿಂದ ರೂಪಿಸಿದ ಆ ಕ್ರಮಕ್ಕೆ 'ನಲಿ-ಕಲಿ' ಎಂದು ಹೆಸರು. ಅಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ. ಗುಂಪುಗುಂಪಾಗಿ ವೃತ್ತಾಕಾರದಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಉಪಾಧ್ಯಾಯರು ಹತ್ತಿರ ಕುಳಿತು ಕಲಿಸಿದರೆ, ಇನ್ನೊಂದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಮತ್ತೊಂದರಲ್ಲಿ ತಾವೇ ಅಭ್ಯಾಸ ಮಾಡುತ್ತಾರೆ. ಗೋಡೆಯ ಬುಡದುದ್ದಕ್ಕೂ ಮಕ್ಕಳ ಕೈಗೆಟುಕುವಂತೆ ಕರಿಹಲಗೆ ಬಳಿದಿರುತ್ತದೆ. ತಲೆಯ ಮೇಲೆ ದಾರ ಕಟ್ಟಿ, ಮಕ್ಕಳೇ ಬರೆದ ಚಿತ್ರ, ಮಾಡಿದ ವಸ್ತುಗಳನ್ನು ತೂಗುಹಾಕುತ್ತಾರೆ. ಇದಕ್ಕೆ ಚಪ್ಪರವೆಂದೇ ಹೆಸರು. 2009-10ರಲ್ಲಿ ಈ ಕ್ರಮವನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಲಾಯಿತು. ಮೇಷ್ಟ್ರು ಕುರ್ಚಿಯಿಂದ ಇಳಿದು ಮಕ್ಕಳ ಸಮಕ್ಕೆ ನೆಲದ ಮೇಲೆ ಕುಳಿತದ್ದೇ ಇದರ ಬಹು ದೊಡ್ಡ ಬದಲಾವಣೆ ಎಂದರೆ ತಪ್ಪಾಗಲಾರದು.

ನೆರೆಯ ನಾಡುಗಳಲ್ಲಿಯೂ ಈ ಚರ್ಚೆ ಎದ್ದಿದೆ. 2024ರಲ್ಲಿ ತೆರೆಕಂಡ 'ಸ್ಥಾನಾರ್ಥಿ ಶ್ರೀಕುಟ್ಟನ್' ಎಂಬ ಮಲಯಾಳ ಚಲನಚಿತ್ರ ಹಿಂದಿನ ಬೆಂಚಿನ ಹುಡುಗರ ಕಥೆ. ಅದನ್ನು ಕಂಡು ಕೇರಳದ ಕೆಲವು ಶಾಲೆಗಳು ಬೆಂಚುಗಳನ್ನು ಗೋಡೆಗೆ ಸರಿಸಿ, ಎಲ್ಲರೂ ಮುಂದಿನ ಸಾಲಿನವರೇ ಆಗುವಂತೆ ಮಾಡಿದವು. 2025ರಲ್ಲಿ ತಮಿಳುನಾಡಿನ ಶಾಲೆಗಳಿಗೂ, ತಮಿಳಿನ 'ಪ' ಅಕ್ಷರದ ಆಕಾರದಲ್ಲಿ ಮಕ್ಕಳನ್ನು ಕೂರಿಸುವಂತೆ ಸೂಚನೆ ಹೋಯಿತು.

ಉದ್ದೇಶ ಶ್ಲಾಘ್ಯ. ಆದರೆ ಒಂದೇ ಆಕಾರವು ಸರ್ವರೋಗಕ್ಕೂ ಮದ್ದಲ್ಲ. ಇಕ್ಕೆಲದ ಬೆಂಚಿನವರು ಕರಿಹಲಗೆ ನೋಡಲು ದಿನವಿಡೀ ಕುತ್ತಿಗೆ ಹೊರಳಿಸಬೇಕು. ಇಕ್ಕಟ್ಟಾದ ಕೋಣೆಯಲ್ಲಿ ಐವತ್ತು ಮಕ್ಕಳಿಗೆ ಆ ಏರ್ಪಾಡು ಸಾಲದು. ಇಂಗ್ಲೆಂಡಿನಲ್ಲಿ ಒಂದೇ ತರಗತಿಯ ಮಕ್ಕಳನ್ನು ಕೆಲವು ದಿನ ಮೇಜಿನ ಸುತ್ತಲೂ, ಕೆಲವು ದಿನ ಸಾಲಿನಲ್ಲಿಯೂ ಕೂರಿಸಿ ನೋಡಿದ ಸಂಶೋಧಕರು, ಒಬ್ಬೊಬ್ಬರೇ ಮಾಡಬೇಕಾದ ಲೆಕ್ಕ, ಬರವಣಿಗೆಗಳಿಗೆ ಸಾಲೇ ಮೇಲೆಂದು 1981ರಲ್ಲಿ ವರದಿ ಮಾಡಿದರು. ಮಾತುಕತೆಗೆ ವೃತ್ತ, ಬರವಣಿಗೆಗೆ ಸಾಲು, ಕಥೆಗೆ ಉಪಾಧ್ಯಾಯರ ಸುತ್ತ ಗುಂಪು: ಅಡುಗೆಗೆ ತಕ್ಕ ಪಾತ್ರೆಯಂತೆ ಕೆಲಸಕ್ಕೆ ತಕ್ಕ ಕೂರುವಿಕೆ.

ಕೋಣೆ ಚಿಕ್ಕದು, ಮಕ್ಕಳು ಹೆಚ್ಚು, ಬೆಂಚು ಭಾರ ಎಂಬ ಉಪಾಧ್ಯಾಯರ ದೂರು ಸುಳ್ಳಲ್ಲ. 2009ರ ಶಿಕ್ಷಣ ಹಕ್ಕಿನ ಕಾನೂನು ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯರಿರಬೇಕೆಂದು ಹೇಳಿದರೂ, ಅದಕ್ಕಿಂತ ಕಿಕ್ಕಿರಿದ ತರಗತಿಗಳು ನಗರಗಳಲ್ಲಿ ಅಪರೂಪವಲ್ಲ. ಆದರೂ ಕಾಸು ಖರ್ಚಿಲ್ಲದೆ ಮಾಡಬಹುದಾದದ್ದು ಬಹಳವಿದೆ. ವಾರಕ್ಕೊಮ್ಮೆ ಸಾಲುಗಳನ್ನು ಸರದಿಯ ಮೇಲೆ ಬದಲಿಸಬಹುದು. ಪಾಠದ ಅರ್ಧ ಭಾಗವನ್ನು ಕೋಣೆಯ ಹಿಂಬದಿಯಲ್ಲಿ ನಿಂತು ಹೇಳಬಹುದು. ಆಗ ಕೊನೆಯ ಬೆಂಚೇ ಮೊದಲನೆಯದಾಗುತ್ತದೆ. ಉಪಾಧ್ಯಾಯರು ಒಂದು ದಿನ ತಾವೇ ಹಿಂದಿನ ಮೂಲೆಯಲ್ಲಿ ಕುಳಿತು ನೋಡಿದರೆ, ಕಿಟಕಿಯ ಬೆಳಕು ಬಿದ್ದು ಕರಿಹಲಗೆಯ ಅರ್ಧ ಅಕ್ಷರಗಳು ಮಾಯವಾಗುವುದು ತಾನಾಗಿ ತಿಳಿಯುತ್ತದೆ. ಚಿತ್ರಪಟಗಳನ್ನು ಬಂದು ಹೋಗುವ ಅಧಿಕಾರಿಗಳ ಕಣ್ಣಿನ ಎತ್ತರಕ್ಕಲ್ಲ, ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಬಹುದು.

ತಂದೆತಾಯಿಗಳಿಗೂ ಒಂದು ಮಾತು. ನಿಮ್ಮ ಮಗು ಕರಿಹಲಗೆಯಿಂದ ತಪ್ಪುತಪ್ಪಾಗಿ ನಕಲು ಮಾಡಿಕೊಂಡು ಬರುತ್ತಿದ್ದರೆ, ಗದರಿಸುವ ಮೊದಲು ಅದು ಎಲ್ಲಿ ಕೂರುತ್ತದೆಂದು ಕೇಳಿ. ಒಮ್ಮೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕನ್ನಡಕದಿಂದ ಹೋಗಬಹುದಾದ 'ದಡ್ಡತನ' ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಉಳಿದುಬಿಡುವುದುಂಟು. ಕಣ್ಣು ಕಿವಿಗಳ ತೊಂದರೆಯಿರುವ ಮಗುವಿಗೆ ಮುಂದಿನ ಜಾಗ ಕೇಳುವುದು ನ್ಯಾಯ. ಉಳಿದವರು ಪೋಷಕರ ಸಭೆಯಲ್ಲಿ ಕೇಳಬೇಕಾದದ್ದು ಮುಂದಿನ ಬೆಂಚನ್ನಲ್ಲ, ಸರದಿಯನ್ನು. ನಿಮ್ಮ ಮಗು ಎರಡು ವಾರ ಹಿಂದೆ ಕುಳಿತರೆ ನಷ್ಟವೇನೂ ಆಗದು. ಮುಂದೆ ಬರುವ ಇನ್ನೊಬ್ಬರ ಮಗು ಮೊದಲ ಬಾರಿಗೆ ಕೈ ಎತ್ತೀತು.