ಹಾಡ್ತಾ ಹಾಡ್ತಾ ರಾಗ, ಹೋಲಿಸ್ತಾ ಹೋಲಿಸ್ತಾ ರೋಗ

'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಯಾವುದನ್ನು ರೂಢಿ ಮಾಡಿಕೊಳ್ಳುತ್ತೇವೋ ಅದೇ ಬೆಳೆಯುತ್ತದೆ ಎಂಬುದು ಅದರ ಸಾರ. ಈ ಗಾದೆಯ ಮೊದಲರ್ಧವನ್ನು ಬದುಕಿನ ಸಿದ್ಧಾಂತವನ್ನಾಗಿ ಮಾಡಿಕೊಂಡಿದ್ದವರೊಬ್ಬರು ಜಪಾನಿನಲ್ಲಿದ್ದರು. ಹೆಸರು ಶಿನಿಚಿ ಸುಜುಕಿ. ಕಾರು, ಮೋಟಾರ್ ಸೈಕಲ್ಲಿನ ಸುಜುಕಿಗೂ ಇವರಿಗೂ ಸಂಬಂಧವಿಲ್ಲ. ಇವರು ಪಿಟೀಲು ಮೇಷ್ಟರು.

ಆರೋಗ್ಯದ ಅಂಕಣದಲ್ಲಿ ಪಿಟೀಲಿನ ಮಾತೇಕೆ ಎಂದು ನೀವು ಕೇಳಬಹುದು. ಸುಜುಕಿ ಪದ್ಧತಿಯ ಪಾಠವೆಂದರೆ ಒಂದು ಮಗು, ಒಬ್ಬ ಗುರು ಅಷ್ಟೇ ಅಲ್ಲ. ಹತ್ತಾರು ಕುಟುಂಬಗಳು ವಾರವಾರವೂ ಒಂದೆಡೆ ಸೇರುವ ಪುಟ್ಟ ಸಮಾಜವದು. ಮಗುವಿನ ಮನಸ್ಸು ಅಂಥ ಸಮಾಜದಲ್ಲಿ ಹೇಗೆ ಅರಳುತ್ತದೆ, ಹಿರಿಯರ ಒಂದೇ ಒಂದು ಪ್ರಶ್ನೆಯಿಂದ ಹೇಗೆ ಬಾಡುತ್ತದೆ ಎಂಬುದನ್ನು ಅಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲೂ ಕೆಲವರು ಇಂಥ ತರಗತಿಗಳಿಗೆ ಹೋಗುತ್ತಾರೆ. ಫೋನಿನಲ್ಲಿ ಮೊಮ್ಮಗುವಿನ ಪಿಟೀಲು ಕೇಳಿ ಹಿಗ್ಗಿದ ಅಜ್ಜಿ-ತಾತಂದಿರು ಈ ಪುಟದ ಓದುಗರಲ್ಲೂ ಇರಬಹುದು.

ಮಾತು ಕಲಿತಂತೆ ಸಂಗೀತ

ಸುಜುಕಿ ಹುಟ್ಟಿದ್ದು 1898ರಲ್ಲಿ, ನಗೋಯಾ ನಗರದಲ್ಲಿ. ಅವರ ತಂದೆ ಪಿಟೀಲು ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿದ್ದು ಸಂಗೀತ ಕಲಿತ ಸುಜುಕಿ, ಜಪಾನಿಗೆ ಮರಳಿ ಪಾಠ ಹೇಳತೊಡಗಿದರು. ಆಗ ಅವರಿಗೆ ಒಂದು ಸರಳ ಸಂಗತಿ ಹೊಳೆಯಿತು. ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆಯನ್ನು ಸಲೀಸಾಗಿ ಮಾತನಾಡುತ್ತಾರಲ್ಲ! ಅದನ್ನು ಅವರಿಗೆ ಕಲಿಸಿದವರಾರು?

ನಮ್ಮ ಮನೆಯನ್ನೇ ನೋಡಿ. 'ಅಮ್ಮ, ಹಾಲು ಬೇಕು' ಎನ್ನುವ ಎರಡು ವರ್ಷದ ಕೂಸು ವಿಭಕ್ತಿ ಪ್ರತ್ಯಯ ಓದಿರುವುದಿಲ್ಲ. ಅದು ದಿನವಿಡೀ ಕೇಳುತ್ತದೆ, ಅನುಕರಿಸುತ್ತದೆ, ತಪ್ಪುತ್ತದೆ. ನಾವು ನಕ್ಕು ಮುದ್ದಾಡಿದಾಗ ಮತ್ತೆ ಹೇಳುತ್ತದೆ. ಸಂಗೀತವನ್ನೂ ಹೀಗೆಯೇ ಕಲಿಸಿದರಾಯಿತು, ಪ್ರತಿಭೆ ಹುಟ್ಟಿನಿಂದ ಬರುವುದಲ್ಲ, ಬೆಳೆಸಿದರೆ ಬೆಳೆಯುವುದು ಎಂದರು ಸುಜುಕಿ. ಇದೇ ಅವರ 'ಮಾತೃಭಾಷಾ ಪದ್ಧತಿ'. ಯುದ್ಧದಿಂದ ಜರ್ಜರಿತವಾದ ಜಪಾನಿನಲ್ಲಿ, 1946ರಲ್ಲಿ, ಮಾತ್ಸುಮೊತೊ ಎಂಬ ಬೆಟ್ಟದ ಸೀಮೆಯ ಪಟ್ಟಣದಲ್ಲಿ ಅವರು ಶಾಲೆ ಆರಂಭಿಸಿದರು. 1955ರಲ್ಲಿ ಟೋಕಿಯೋದಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ಪಿಟೀಲು ನುಡಿಸಿದರು. 1964ರಲ್ಲಿ ಹತ್ತು ಮಕ್ಕಳು ಅಮೆರಿಕಕ್ಕೆ ಹೋಗಿ ಬಂದ ಮೇಲೆ ಪದ್ಧತಿ ಅಲ್ಲೂ ಹಬ್ಬಿತು. 1998ರ ಜನವರಿಯಲ್ಲಿ, 99ರ ವಯಸ್ಸಿನಲ್ಲಿ, ಸುಜುಕಿ ಕಣ್ಮುಚ್ಚಿದರು. ಸಂಗೀತ ವಿದ್ವಾಂಸರನ್ನು ತಯಾರಿಸುವುದು ತಮ್ಮ ಗುರಿಯಲ್ಲ, ಒಳ್ಳೆಯ ಮನುಷ್ಯರನ್ನು ಬೆಳೆಸುವುದೇ ಗುರಿ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ತಾಯಿಯೇ ಮೊದಲ ವಿದ್ಯಾರ್ಥಿ

ಈ ಪದ್ಧತಿಯಲ್ಲಿ ಮೂರು ವರ್ಷದ ಮಗುವಿನ ಕೈಗೆ ಬಂದ ದಿನವೇ ಪಿಟೀಲು ಕೊಡುವುದಿಲ್ಲ. ಮೊದಲು ತಾಯಿಯೋ ತಂದೆಯೋ ಒಂದು ಸರಳ ಧಾಟಿ ನುಡಿಸಲು ಕಲಿಯಬೇಕು. ಮಗು ಪಕ್ಕದಲ್ಲಿ ಕುಳಿತು ಅದನ್ನೂ, ಉಳಿದ ಮಕ್ಕಳನ್ನೂ ನೋಡುತ್ತಿರುತ್ತದೆ. 'ನನಗೂ ಬೇಕು' ಎಂದು ತಾನಾಗಿಯೇ ಕೇಳುವವರೆಗೆ ಕಾಯುತ್ತಾರೆ. ಎಷ್ಟೋ ಕಡೆ ಮೊದಲು ಸಿಗುವುದು ರಟ್ಟಿನ ಡಬ್ಬದಿಂದ ಮಾಡಿದ ಆಟದ ಪಿಟೀಲು. ನಿಲ್ಲುವುದು, ಹಿಡಿಯುವುದು ರೂಢಿಯಾದ ಮೇಲೆ ಅದರ ತೋಳಿನ ಉದ್ದಕ್ಕೆ ಹೊಂದುವ ಪುಟಾಣಿ ಪಿಟೀಲು ಬರುತ್ತದೆ.

ಕಲಿಯಬೇಕಾದ ಸಂಗೀತದ ಧ್ವನಿಮುದ್ರಣ ಮನೆಯಲ್ಲಿ ದಿನವೂ ಕೇಳಿಸುತ್ತಿರಬೇಕು. ಸ್ವರಲಿಪಿ ಓದುವುದು ಆಮೇಲೆ. ಮಾತು ಬಂದ ಮೇಲೆ ತಾನೇ ಅಕ್ಷರಾಭ್ಯಾಸ? ವಾರಕ್ಕೊಮ್ಮೆ ಮಗುವಿಗೆ ಪ್ರತ್ಯೇಕ ಪಾಠವಿರುತ್ತದೆ. ಹೆತ್ತವರಲ್ಲೊಬ್ಬರು ಅಲ್ಲೇ ಕುಳಿತು ಗುರುತು ಹಾಕಿಕೊಂಡು, ಮನೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಇದಲ್ಲದೆ ಮಕ್ಕಳೆಲ್ಲ ಸೇರಿ ನುಡಿಸುವ ಸಾಮೂಹಿಕ ತರಗತಿಯೂ ಉಂಟು.

ಈ ಸಾಮೂಹಿಕ ವಾದನದಲ್ಲಿ ಒಂದು ಸೊಗಸಾದ ಪದ್ಧತಿಯಿದೆ. ಮೊದಲು ಅತಿ ಕಠಿಣ ಕೃತಿಯನ್ನು ನಾಲ್ಕಾರು ದೊಡ್ಡ ಮಕ್ಕಳು ನುಡಿಸುತ್ತಾರೆ. ಮುಂದಿನ ಕೃತಿ ಅದಕ್ಕಿಂತ ಸುಲಭ. ಅದನ್ನು ಬಲ್ಲ ಮಕ್ಕಳು ಬಂದು ಸೇರಿಕೊಳ್ಳುತ್ತಾರೆ. ಹೀಗೆ ಇಳಿಯುತ್ತ ಬಂದು, ಕೊನೆಗೆ ನಮ್ಮ ಶಿಶುವಿಹಾರದ ಮಕ್ಕಳೂ ಬಲ್ಲ 'ಟ್ವಿಂಕಲ್ ಟ್ವಿಂಕಲ್' ಧಾಟಿಗೆ ಬರುವ ಹೊತ್ತಿಗೆ ವೇದಿಕೆ ತುಂಬಿರುತ್ತದೆ. ಹದಿನೈದರ ಹುಡುಗಿ, ನಾಲ್ಕರ ಪುಟ್ಟ ಇಬ್ಬರೂ ಅಕ್ಕಪಕ್ಕ ನಿಂತು ಅದನ್ನೇ ನುಡಿಸುತ್ತಾರೆ. ಹಳೆಯ ಪಾಠವನ್ನು ಬಿಡದಿರುವುದರಿಂದಲೇ ಹಿರಿಯರು ಕಿರಿಯರೊಂದಿಗೆ ಸೇರಬಲ್ಲರು.

ಲಾಭವೇನು?

'ಸಂಗೀತ ಕಲಿತರೆ ಮಗು ಬುದ್ಧಿವಂತವಾಗುತ್ತದೆಯಂತೆ' ಎಂದು ಎಷ್ಟೋ ತಾಯಂದಿರು ಹೇಳುವುದುಂಟು. ಈ ಮಾತನ್ನು ಸ್ವಲ್ಪ ಹುಷಾರಾಗಿ ತೆಗೆದುಕೊಳ್ಳಬೇಕು. 1993ರಲ್ಲಿ ಪ್ರಕಟವಾಗಿ ಭಾರೀ ಸದ್ದು ಮಾಡಿದ 'ಮೊಜಾರ್ಟ್ ಪರಿಣಾಮ'ದ ಪ್ರಯೋಗ ನಡೆದದ್ದು 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ, ಮಕ್ಕಳ ಮೇಲಲ್ಲ. ಕಂಡ ಪರಿಣಾಮವೂ ಹತ್ತು-ಹದಿನೈದು ನಿಮಿಷದಲ್ಲಿ ಕರಗಿತ್ತು. 2004ರಲ್ಲಿ ಕೆನಡಾದಲ್ಲಿ ಆರು ವರ್ಷದ 144 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಸಂಗೀತ ಕಲಿತವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ಎರಡು-ಮೂರು ಅಂಕದಷ್ಟು ಮಾತ್ರ ಹೆಚ್ಚು ಏರಿತು. 2006ರಲ್ಲಿ ಅದೇ ದೇಶದ ಸಂಶೋಧಕರು ಸುಜುಕಿ ಪದ್ಧತಿಯಲ್ಲಿ ಕಲಿಯುತ್ತಿದ್ದ ಮಕ್ಕಳನ್ನು ಒಂದು ವರ್ಷ ಪರೀಕ್ಷಿಸಿದಾಗ, ನಾದಕ್ಕೆ ಮಿದುಳು ಸ್ಪಂದಿಸುವ ರೀತಿಯಲ್ಲೂ ನೆನಪಿನ ಶಕ್ತಿಯಲ್ಲೂ ಪ್ರಗತಿ ಕಂಡಿತು. ಆದರೆ ಪರೀಕ್ಷೆಗೆ ಒಳಗಾದ ಸುಜುಕಿ ಮಕ್ಕಳು ಆರೇ ಮಂದಿ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು 2010ರಲ್ಲಿ ಜರ್ಮನಿಯಿಂದ ಬಂದ ಅಧ್ಯಯನ. ನಾಲ್ಕು ವರ್ಷದ ಮಕ್ಕಳನ್ನು ಇಬ್ಬಿಬ್ಬರಂತೆ ಸೇರಿಸಿ ಆಟವಾಡಿಸಿದರು. ಕೆಲವು ಜೋಡಿಗಳ ಆಟದಲ್ಲಿ ಹಾಡು, ತಾಳ ಇದ್ದವು. ಉಳಿದವರ ಆಟದಲ್ಲಿ ಇರಲಿಲ್ಲ. ಆಮೇಲೆ ಜೊತೆಗಾರನ ಗೋಲಿಗಳು ಚೆಲ್ಲಿಹೋದಾಗ, ಹಾಡಿ ಕುಣಿದ ಮಕ್ಕಳೇ ಹೆಚ್ಚಾಗಿ ನೆರವಿಗೆ ಬಂದರು. ಇದರಿಂದ ಹೊಳೆಯುವುದೇನು? ಸಂಗೀತದ ದೊಡ್ಡ ಲಾಭ ಪರೀಕ್ಷೆಯ ಅಂಕದಲ್ಲಿಲ್ಲ, ಒಟ್ಟಿಗೆ ನುಡಿಸುವುದರಲ್ಲಿದೆ. ತಾನು ಎಲ್ಲರಲ್ಲೊಬ್ಬ ಎಂಬ ಭರವಸೆ ಮಗುವಿನ ಮನಸ್ಸಿಗೆ ಅನ್ನದಷ್ಟೇ ಅಗತ್ಯ.

'ಯಾವ ಪುಸ್ತಕ?'

ಗಾದೆಯ ಉತ್ತರಾರ್ಧ ಶುರುವಾಗುವುದು ಇಲ್ಲಿಂದ. ಸುಜುಕಿ ಪಿಟೀಲು ಪಾಠದಲ್ಲಿ ಹತ್ತು ಪುಸ್ತಕಗಳಿವೆ. ಲೋಕದ ಯಾವ ಮೂಲೆಯಲ್ಲಿದ್ದರೂ ಎಲ್ಲ ಮಕ್ಕಳಿಗೂ ಅದೇ ಕೃತಿಗಳು, ಬಹುಮಟ್ಟಿಗೆ ಅದೇ ಕ್ರಮ. ಗುರುತು ಪರಿಚಯವಿಲ್ಲದ ಮಕ್ಕಳೂ ಕಲೆತು ನುಡಿಸಬಲ್ಲರೆಂಬುದು ಇದರ ಸೊಗಸು. ಆದರೆ ಅದೇ ಕ್ರಮವನ್ನು ದೊಡ್ಡವರು ಏಣಿ ಮಾಡಿಕೊಂಡುಬಿಡುತ್ತಾರೆ. ಪಾಠದ ಕೋಣೆಯ ಹೊರಗೆ ಕಾಯುತ್ತಿರುವ ಅಮ್ಮಂದಿರ ನಡುವೆ ಪ್ರಶ್ನೆ ಹುಟ್ಟುತ್ತದೆ: 'ನಿಮ್ಮ ಮಗ ಈಗ ಯಾವ ಪುಸ್ತಕದಲ್ಲಿದ್ದಾನೆ?' ಉತ್ತರ 'ಇನ್ನೂ ಒಂದನೆಯದು' ಎಂದಾದರೆ ಅಮ್ಮನ ಮುಖ ಸಣ್ಣಗಾಗುತ್ತದೆ. ಅವತ್ತು ಸಂಜೆ ಮನೆಯಲ್ಲಿ ಮಗುವಿಗೆ ಅರ್ಧ ಗಂಟೆ ಹೆಚ್ಚಿನ ಅಭ್ಯಾಸ!

ಇದು ಜಪಾನ್, ಅಮೆರಿಕಗಳ ಕಥೆ ಮಾತ್ರವೇ? ಸರಳೆ ವರಸೆ ಮುಗಿಯಿತೇ, ಜೂನಿಯರ್ ಪರೀಕ್ಷೆ ಯಾವಾಗ, ಎಷ್ಟು ಅಂಕ ಬಂತು ಎಂದು ನಾವು ಕೇಳುವುದಿಲ್ಲವೇ? ಸ್ಪರ್ಧೆಯಿದ್ದರೇ ಮಕ್ಕಳು ಮುಂದೆ ಬರುತ್ತಾರೆ ಎಂದು ನೀವು ವಾದಿಸಬಹುದು. ಹತ್ತು-ಹನ್ನೆರಡರ ಹುಡುಗ ತಾನೇ ಇಷ್ಟಪಟ್ಟು ಸ್ಪರ್ಧಿಸಿದರೆ ತೊಂದರೆಯಿಲ್ಲ. ಆದರೆ ನಾಲ್ಕು ವರ್ಷದ ಮಗುವಿಗೆ ಸ್ಪರ್ಧೆ ಅರ್ಥವಾಗುವುದಿಲ್ಲ. ಅರ್ಥವಾಗುವುದು ಅಮ್ಮನ ಮುಖ ಮಾತ್ರ. 'ನಾನು ತಪ್ಪು ನುಡಿಸಿದರೆ ಅಮ್ಮನಿಗೆ ನಾನು ಬೇಡ' ಎಂದು ಅದು ತಿಳಿಯುತ್ತದೆ.

ಈ ಭಯ ಬಾಯಲ್ಲಿ ಬರುವುದಿಲ್ಲ, ದೇಹದಲ್ಲಿ ಬರುತ್ತದೆ. ಪಾಠದ ದಿನವೇ ಹೊಟ್ಟೆನೋವು, ತಲೆನೋವು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ಉಗುರು ಕಚ್ಚುವುದು, ನಿದ್ದೆಯಲ್ಲಿ ಬೆಚ್ಚುವುದು. ಇದನ್ನು ನಾಟಕವೆಂದು ಗದರಬೇಡಿ. ಮನಸ್ಸಿನ ಒತ್ತಡದಿಂದ ಬಂದ ಹೊಟ್ಟೆನೋವೂ ನಿಜವಾದ ನೋವೇ. ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಲೂ ಬೇಡಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಪದೇ ಪದೇ ವಾಂತಿ, ತೂಕ ಇಳಿಯುವುದು, ಮೂತ್ರ ಮಾಡುವಾಗ ಉರಿ ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ತಾಯಿಯ ಹೆಗಲೊಂದೇ ಸಾಲದು

ಇನ್ನೊಂದು ಮಾತನ್ನೂ ಹೇಳಬೇಕು. ಈ ಪದ್ಧತಿ ರೂಪುಗೊಂಡ ಕಾಲದಲ್ಲಿ ಪಾಠಕ್ಕೆ ಬಂದು ಕೂರುತ್ತಿದ್ದವರು ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದ ತಾಯಂದಿರು. ಇಂದು ಕಚೇರಿ ಮುಗಿಸಿ, ಅಡಿಗೆ ಮಾಡಿ, ದಣಿದ ಅಮ್ಮ ರಾತ್ರಿ ಎಂಟಕ್ಕೆ ಪಿಟೀಲು ಹಿಡಿಸಿದರೆ ಅಲ್ಲಿ ಸಂಗೀತಕ್ಕಿಂತ ಸಿಡುಕೇ ಹೆಚ್ಚು. ಅಪ್ಪ, ಅಜ್ಜ, ಅಜ್ಜಿ ಸರದಿಯಲ್ಲಿ ಕುಳಿತರೆ ಅಮ್ಮನಿಗೂ ಉಸಿರು, ಮಗುವಿಗೂ ಖುಷಿ.

ಊರಿಗೆ ಊರೇ ಹೆಗಲು ಕೊಟ್ಟ ಉದಾಹರಣೆಯೂ ಇದೆ. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್ ಬಡವರೇ ಹೆಚ್ಚಿರುವ ಬಡಾವಣೆ. ರಾಬರ್ಟಾ ಗುವಾಸ್ಪಾರಿ ಎಂಬ ಶಿಕ್ಷಕಿ ತಾವೇ ಕೊಂಡಿದ್ದ 50 ಪಿಟೀಲುಗಳೊಂದಿಗೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಜುಕಿ ಮಾದರಿಯ ಪಾಠ ಆರಂಭಿಸಿದರು. 1991ರಲ್ಲಿ ಹಣವಿಲ್ಲವೆಂದು ಆ ತರಗತಿಗಳಿಗೆ ಕತ್ತರಿ ಬಿತ್ತು. ಪೋಷಕರೂ ಹಿತೈಷಿಗಳೂ ಸೇರಿ ಹಣ ಕೂಡಿಸಿ ಪಾಠ ಮುಂದುವರಿಸಿದರು. 1993ರಲ್ಲಿ ಸುಪ್ರಸಿದ್ಧ ಕಾರ್ನೆಗಿ ಹಾಲ್‌ನಲ್ಲಿ ಐಸಾಕ್ ಸ್ಟರ್ನ್, ಇಟ್ಜಾಕ್ ಪರ್ಲ್‌ಮನ್ ಅವರಂಥ ಮಹಾನ್ ವಾದಕರು ಆ ಮಕ್ಕಳ ಜೊತೆ ನಿಂತು ನುಡಿಸಿದರು. ಆ ಪೋಷಕರು ತಮ್ಮ ಮಗು ಯಾವ ಪುಸ್ತಕದಲ್ಲಿದೆ ಎಂದು ನೋಡುತ್ತ ಕೂತಿದ್ದರೆ ತರಗತಿಯೇ ಉಳಿಯುತ್ತಿರಲಿಲ್ಲ.

ಕೆಲವು ಕಿವಿಮಾತು

ನಿಮ್ಮ ಮಗು ಪಿಟೀಲೇ ಕಲಿಯಲಿ, ವೀಣೆಯೇ ಕಲಿಯಲಿ, ಭರತನಾಟ್ಯವನ್ನೇ ಕಲಿಯಲಿ, ಇಷ್ಟನ್ನು ನೆನಪಿಡಿ:

* ಮೂರು-ನಾಲ್ಕು ವರ್ಷದ ಮಗುವಿಗೆ ಒಮ್ಮೆಗೆ ಐದು ನಿಮಿಷದ ಅಭ್ಯಾಸ ಧಾರಾಳ. ಬೇಕಾದರೆ ದಿನದಲ್ಲಿ ಎರಡು-ಮೂರು ಸಲ ಕೂರಿಸಿ. ಮಗು ದಣಿಯುವ ಮುಂಚೆಯೇ ನಿಲ್ಲಿಸಿ.

* ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. ಅದಕ್ಕೆ ಮೊದಲು ಸರಿಯಾದದ್ದನ್ನು ಹೆಸರಿಸಿ ಹೊಗಳಿ.

* ಕತ್ತು, ಭುಜ, ಮಣಿಕಟ್ಟು ನೋಯುತ್ತಿದೆ ಎಂದರೆ ಅಭ್ಯಾಸ ನಿಲ್ಲಿಸಿ. ವಾದ್ಯದ ಅಳತೆ ಮಗುವಿಗೆ ಹೊಂದುತ್ತದೆಯೇ ಎಂದು ಗುರುಗಳನ್ನು ಕೇಳಿ. 'ಮುಂದೆ ಬೆಳೆಯುತ್ತಾನಲ್ಲ' ಎಂದು ಅಂಗಿ ಕೊಳ್ಳುವಂತೆ ದೊಡ್ಡ ವಾದ್ಯ ಕೊಳ್ಳಬೇಡಿ. ನೋವು ಮುಂದುವರಿದರೆ ವೈದ್ಯರಿಗೆ ತೋರಿಸಿ.

* ತಿಂಗಳಿಗೊಮ್ಮೆಯಾದರೂ ನಾಲ್ಕು ಮನೆಯ ಮಕ್ಕಳು ಕೂಡಿ ಹಾಡಲಿ, ನುಡಿಸಲಿ. ಬಹುಮಾನ ಬೇಡ, ಒಂದಿಷ್ಟು ಚುರುಮುರಿ ಸಾಕು.

* ಇನ್ನೊಂದು ಮಗುವಿನ ತಾಯಿ ಸಿಕ್ಕಾಗ ಎಲ್ಲಿಗೆ ಬಂತು, ಎಷ್ಟು ಅಂಕ ಎಂದು ಕೇಳಬೇಡಿ. 'ನಿಮ್ಮ ಮಗಳಿಗೆ ಯಾವ ಹಾಡು ಇಷ್ಟ?' ಎಂದು ಕೇಳಿ ನೋಡಿ.

ಸುಜುಕಿ ಮಕ್ಕಳ ಕಛೇರಿ ಮುಗಿಯುವುದು ಎಲ್ಲರಿಗಿಂತ ಚಿಕ್ಕವರು ಬಂದು ಸೇರಿಕೊಂಡಾಗ. ಒಂದನೆಯ ಪುಸ್ತಕದ ಆ ಮಗು ಬಾರದಿದ್ದರೆ ಹತ್ತನೆಯ ಪುಸ್ತಕದವರಿಗೂ ಕಛೇರಿ ಪೂರ್ತಿಯಾಗುವುದಿಲ್ಲ. ನಿಮ್ಮ ಮಗು ಇಂದು ಆ ಸಾಲಿನ ಕೊನೆಯಲ್ಲಿ ನಿಂತಿದ್ದರೆ ಚಿಂತೆ ಬೇಡ. ಅದರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.